ಗೋಡೆಯ ಬುಡದಲ್ಲಿ ತಪ್ಪಿಹೋಗುವ ಮೀನು: ಎತ್ತರದ ಕಟ್ಟೆ, ಬಂಡೆಗಳಿಂದ ಭಾರದ ಮೀನನ್ನು ಮೇಲೆ ತರುವಾಗಿನ ದೋಷಗಳ ನಿವಾರಣೆ

ಕೈಲ್ ಮುಹೂರ್ತ ಕಳೆದು ಮಳೆ ಹಿಂದೆಗೆಯುತ್ತಿದ್ದಂತೆ ಕೊಡಗಿನಲ್ಲಿ ಗಾಳದ ಹವ್ಯಾಸವಿರುವ ಮನೆಗಳ ಅಟ್ಟದಿಂದ ರಾಡು, ರೀಲುಗಳು ಕೆಳಗಿಳಿಯುತ್ತವೆ. ಕೆಲವರು ಕಾವೇರಿಯ ದಡದಲ್ಲೇ ಉಳಿಯುತ್ತಾರೆ. ನಮ್ಮಂಥ ಕೆಲವರು ಬೆಳಗಿನ ಜಾವಕ್ಕೆ ಮಡಿಕೇರಿ ಬಿಟ್ಟು, ಸಂಪಾಜೆ ಘಾಟಿ ಇಳಿದು, ಸುಳ್ಯ, ಪುತ್ತೂರು, ಮಾಣಿ ದಾರಿಯಾಗಿ ಸುಮಾರು 140 ಕಿಲೋಮೀಟರ್ ಕ್ರಮಿಸಿ ಮಂಗಳೂರು ತಲುಪಿ, ಅಲ್ಲಿಂದ ಕರಾವಳಿಯ ಅಳಿವೆ ಬಾಗಿಲುಗಳ ತಡೆಗೋಡೆಗಳಿಗೋ ಸೋಮೇಶ್ವರ, ಕಾಪು ಕಡೆಯ ಬಂಡೆಗಳಿಗೋ ಹೋಗುತ್ತೇವೆ. ಹಿಂದಿರುಗುವಾಗ ಕೇಳಿಬರುವ ದೂರು ಹೆಚ್ಚಾಗಿ ಒಂದೇ: ಒಳ್ಳೆಯ ಮೀನು ಸಿಕ್ಕಿತ್ತು, ಗೋಡೆಯ ಬುಡದವರೆಗೂ ಬಂದಿತ್ತು, ಎತ್ತುವಾಗ ಹೋಯಿತು. ದೂರು ಒಂದೇ ಆದರೂ ಕಾರಣಗಳು ಹಲವು, ಮತ್ತು ಹೆಚ್ಚಿನವರು ಅದನ್ನು ದಾರದ ತಲೆಗೆ ಕಟ್ಟಿ ಮುಂದಿನ ಸಲಕ್ಕೆ ಇನ್ನೂ ದಪ್ಪ ದಾರ ಕೊಳ್ಳುತ್ತಾರೆ. ನಾನೂ ಎರಡು ವರ್ಷ ಹಾಗೆಯೇ ಮಾಡಿದೆ, ಮೀನುಗಳು ಹೋಗುತ್ತಲೇ ಇದ್ದವು. ಆದ್ದರಿಂದ ಮೀನು ತಪ್ಪಿದ ಮೇಲೆ ಕೈಯಲ್ಲಿ ಉಳಿದ ಸಾಮಗ್ರಿಯನ್ನು ನೋಡಿ ನಿಜವಾದ ದೋಷವನ್ನು ಹೇಗೆ ಗುರುತಿಸಬೇಕು, ಗುರುತಿಸಿದ ಮೇಲೆ ಏನನ್ನು ಬದಲಿಸಬೇಕು ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೂಲ ದೋಷ: ಹೊಳೆಯ ಅಭ್ಯಾಸ

ಕಾವೇರಿಯಲ್ಲಿ ಗಾಳ ಹಾಕಿ ಕಲಿತವರಿಗೆ ಒಂದು ಅಭ್ಯಾಸ ಮೈಗೂಡಿರುತ್ತದೆ. ಮೀನು ಓಡಿದರೆ ನಾವು ದಡದುದ್ದಕ್ಕೂ ಅದರ ಹಿಂದೆ ನಡೆಯುತ್ತೇವೆ, ಅದು ದಣಿದಾಗ ಮರಳಿನ ತಿಟ್ಟನ್ನೋ ಮೊಣಕಾಲುದ್ದ ನೀರನ್ನೋ ಹುಡುಕಿಕೊಂಡು ಇಳಿಯುತ್ತೇವೆ, ಮಹಶೀರ್ ಆದರೆ ನೀರಿನಲ್ಲೇ ಹಿಡಿದು ಗಾಳ ಬಿಡಿಸಿ ಬಿಟ್ಟುಬಿಡುತ್ತೇವೆ. ಇಷ್ಟರಲ್ಲಿ ಮೀನಿನ ಪೂರ್ತಿ ತೂಕವನ್ನು ದಾರ ಒಮ್ಮೆಯೂ ಹೊತ್ತಿರುವುದಿಲ್ಲ, ಏಕೆಂದರೆ ಆ ತೂಕವನ್ನು ಕೊನೆಯವರೆಗೂ ನೀರೇ ಹೊತ್ತಿರುತ್ತದೆ. ಕಡಲಿನ ತಡೆಗೋಡೆಯಲ್ಲಿ ತಿಟ್ಟೂ ಇಲ್ಲ, ಆಳವಿಲ್ಲದ ನೀರೂ ಇಲ್ಲ. ನಿಂತ ಜಾಗಕ್ಕೂ ನೀರಿಗೂ ನಡುವೆ ಮೂರು, ನಾಲ್ಕು, ಕೆಲವೆಡೆ ಆರು ಮೀಟರ್ ಗಾಳಿ ಇದೆ.

ಇದು ಬಾವಿಯಿಂದ ನೀರು ಸೇದಿದವರಿಗೆಲ್ಲ ಗೊತ್ತಿರುವ ವಿಷಯ. ತುಂಬಿದ ಕೊಡ ನೀರಿನೊಳಗೆ ಇರುವವರೆಗೆ ಎರಡು ಬೆರಳಿಗೆ ಬರುತ್ತದೆ, ನೀರಿನ ಮೇಲ್ಮೈಯನ್ನು ಬಿಟ್ಟ ಕ್ಷಣ ಹಗ್ಗ ಅಂಗೈಯನ್ನು ಕೊರೆಯುತ್ತದೆ. ಮೀನಿನ ವಿಷಯದಲ್ಲಿ ಇನ್ನೊಂದು ತೊಡಕಿದೆ: ಕೊಡ ಒದ್ದಾಡುವುದಿಲ್ಲ, ಮೀನು ಒದ್ದಾಡುತ್ತದೆ. ಹಠಾತ್ತಾಗಿ ಬಿದ್ದ ಭಾರ ದಾರದ ಮೇಲೆ ನಿಶ್ಚಲ ತೂಕದ ಸುಮಾರು ಎರಡರಷ್ಟು ಸೆಳೆತವನ್ನು ಉಂಟುಮಾಡುತ್ತದೆ. 6 ಕಿಲೋ ಮೀನು ಗಾಳಿಯಲ್ಲಿ ಒಮ್ಮೆ ಜೋರಾಗಿ ಬಾಲ ಬಡಿದರೆ ಗಂಟಿನ ಮೇಲೆ 12 ಕಿಲೋ ಬಿತ್ತೆಂದು ತಿಳಿಯಬೇಕು. ದಾರದ ಸುರುಳಿಯ ಮೇಲೆ 14 ಕಿಲೋ ಎಂದು ಮುದ್ರಿಸಿದ್ದರೂ ಅದು ಗಂಟಿಲ್ಲದ ಹೊಸ ದಾರದ ಲೆಕ್ಕ. ಗಂಟು ಹಾಕಿದ, ನೆನೆದ, ಬಂಡೆಗೆ ಒಮ್ಮೆ ಉಜ್ಜಿದ ನೈಲಾನ್ ದಾರದ ಲೆಕ್ಕ ಅದಕ್ಕಿಂತ ಕಡಿಮೆ. ಆದ್ದರಿಂದ ಎತ್ತುವಾಗ ಮೀನು ತಪ್ಪಿದವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಅದನ್ನು ರಾಡು ಮತ್ತು ದಾರದಿಂದಲೇ ಎತ್ತಲು ಹೋದೆನೇ ಎಂಬುದು. ಉತ್ತರ ಹೌದು ಎಂದಾದರೆ ಮತ್ತು ಮೀನು ಎರಡು ಕಿಲೋ ಮೀರಿತ್ತೆಂದಾದರೆ, ಮುಂದೆ ಹೇಳುವ ಯಾವ ದೋಷ ಸಿಕ್ಕರೂ ಅದು ಎರಡನೆಯ ಕಾರಣವೇ; ಮೊದಲನೆಯ ಕಾರಣ ಮೇಲಿಂದ ಹಗ್ಗದಲ್ಲಿ ಇಳಿಬಿಟ್ಟು ಮೀನನ್ನು ಎತ್ತುವ ಇಳಿಬಲೆ ಇಲ್ಲದಿದ್ದದ್ದು.

ಕೈಯಲ್ಲಿ ಉಳಿದ ತುದಿಯನ್ನು ಓದುವುದು

ಮೀನು ಹೋದ ಕೂಡಲೇ ಬೇಸರದಿಂದ ದಾರದ ತುದಿಯನ್ನು ಕತ್ತರಿಸಿ ಹೊಸ ಗಾಳ ಕಟ್ಟಬಾರದು. ಕೊನೆಯ ಒಂದು ಮೀಟರನ್ನು ಕತ್ತರಿಸಿ, ಸುತ್ತಿ, ಜೇಬಿನಲ್ಲಿಟ್ಟುಕೊಳ್ಳಬೇಕು. ಮನೆಗೆ ಬಂದ ಮೇಲೆ ಬಿಳಿ ಕಾಗದದ ಮೇಲಿಟ್ಟು ಬೆಳಕಿನಲ್ಲಿ ನೋಡಿದರೆ ಅದು ಬಹುಮಟ್ಟಿಗೆ ಎಲ್ಲವನ್ನೂ ಹೇಳುತ್ತದೆ.

ನೈಲಾನ್ ದಾರದ ತುದಿ ಹಾಗಲಬಳ್ಳಿಯ ಕುಡಿಯಂತೆ ಸುರುಳಿಯಾಗಿದ್ದರೆ ದಾರ ತುಂಡಾಗಿಲ್ಲ, ಗಂಟು ಜಾರಿ ಬಿಚ್ಚಿಕೊಂಡಿದೆ. ನನ್ನ ಕೈಯಿಂದ ಎರಡು ವರ್ಷ ಮೀನು ತಪ್ಪಿಸಿದ್ದು ಇದೇ. ಒಂದು ಅಳಿವೆಯ ತಡೆಗೋಡೆಯಲ್ಲಿ ನಾಲ್ಕೈದು ಕಿಲೋ ಇದ್ದಿರಬಹುದಾದ ಮುರುಮೀನನ್ನು ಕಲ್ಲಿನ ಸಂದಿನಿಂದ ಬಿಡಿಸಿ ಮೇಲ್ಮೈಗೆ ತಂದು, ನೀರಿನಿಂದ ಒಂದು ಗೇಣು ಮೇಲೆತ್ತಿದಾಗ ಅದು ಕಳಚಿ ಬಿತ್ತು. ಕಂದು ಬೆನ್ನು, ಅಗಲಿಸಿದ ಕಿವಿರು, ಒಮ್ಮೆ ಮಗ್ಗುಲಾಗಿ ತೇಲಿ ಮತ್ತೆ ನೆಟ್ಟಗಾಗಿ ಕಲ್ಲಿನಡಿಗೆ ನುಸುಳಿದ್ದು ಈಗಲೂ ಕಣ್ಣ ಮುಂದಿದೆ. ಆಗ ದಾರವನ್ನು ಶಪಿಸಿದೆ. ಮುಂದಿನ ಸಲ ಅದೇ ರೀತಿ ಇನ್ನೊಂದು ಹೋದಾಗ ತುದಿಯನ್ನು ಮನೆಗೆ ತಂದು ನೋಡಿದರೆ ಅಂದವಾದ ಸುರುಳಿ ಇತ್ತು; ಹಿಂದಿನ ಸಲದ ತುದಿಯೂ ಚೀಲದ ಮೂಲೆಯಲ್ಲೇ ಬಿದ್ದಿತ್ತು, ಅದರಲ್ಲೂ ಅದೇ ಸುರುಳಿ. ಗಂಟನ್ನು ಒಣಗಿದ ದಾರದಲ್ಲೇ ಎಳೆದು ಬಿಗಿದಿದ್ದೆ, ತುದಿಯನ್ನು ಗಂಟಿಗೆ ತೀರಾ ಹತ್ತಿರ ಕತ್ತರಿಸಿದ್ದೆ, ಮೇಲಾಗಿ ದಪ್ಪ ದಾರ ಕೊಂಡ ಮೇಲೂ ತೆಳು ದಾರಕ್ಕೆ ಹಾಕುತ್ತಿದ್ದ ಸುತ್ತುಗಳ ಗಂಟನ್ನೇ ಹಾಕುತ್ತಿದ್ದೆ. ದಾರ ದಪ್ಪವಾದಷ್ಟೂ ಗಂಟು ಪೂರ್ತಿ ಬಿಗಿಯಾಗುವುದು ಕಷ್ಟ. ಅಂದರೆ ನಾನು ಹಣ ಕೊಟ್ಟು ದೋಷವನ್ನು ಹೆಚ್ಚಿಸಿಕೊಂಡಿದ್ದೆ. ಪಾಲೊಮಾರ್ ಅಥವಾ ಯೂನಿ ಗಂಟನ್ನು ಹಾಕಿ, ಬಿಗಿಯುವ ಮೊದಲು ಬಾಯಿಯಲ್ಲಿ ಒದ್ದೆ ಮಾಡಿ, ನಿಧಾನವಾಗಿ ಎಳೆದು, ಎರಡು ಮೂರು ಮಿಲಿಮೀಟರ್ ತುದಿ ಬಿಟ್ಟು ಕತ್ತರಿಸುವುದು ಇದಕ್ಕೆ ಪರಿಹಾರ. ಕಟ್ಟಿದ ಗಾಳವನ್ನು ಕಂಬಕ್ಕೆ ಸಿಕ್ಕಿಸಿ ಒಮ್ಮೆ ಬಲವಾಗಿ ಎಳೆದು ನೋಡದೆ ನಾನು ಈಗ ನೀರಿಗೆ ಬಿಡುವುದಿಲ್ಲ.

ತುದಿ ಸುರುಳಿಯಾಗದೆ, ಕೊನೆಯ ಹತ್ತಿಪ್ಪತ್ತು ಸೆಂಟಿಮೀಟರ್ ಬೆಳ್ಳಗೆ ಗೀಚಿದಂತಾಗಿ ಉಗುರಿಗೆ ಒರಟಾಗಿ ಸಿಕ್ಕರೆ, ದಾರ ಗೋಡೆಗೆ ಉಜ್ಜಿ ಹೋಗಿದೆ. ನೀರಿನ ಮಟ್ಟದ ಕಲ್ಲು, ಟೆಟ್ರಾಪಾಡು ಎಂಬ ನಾಲ್ಕು ಕಾಲಿನ ಕಾಂಕ್ರೀಟ್ ದಿಮ್ಮಿಗಳಿಗೆ ಅಂಟಿದ ಬಾರ್ನಕಲ್ ಎಂಬ ಗಟ್ಟಿ ಕವಚದ ಜೀವಿಗಳು ಮತ್ತು ಚಿಪ್ಪುಗಳು ಅರದಂತೆ ಕೆಲಸ ಮಾಡುತ್ತವೆ. ಹೆಣೆದ ದಾರ, ಅಂದರೆ ಬ್ರೇಡ್ ಬಳಸುವವರಲ್ಲಿ ತುದಿ ಹತ್ತಿಯ ಬತ್ತಿಯಂತೆ ಕೆದರಿರುತ್ತದೆ. ಬ್ರೇಡಿಗೆ ಎಳೆತದ ಬಲ ಎಷ್ಟಿದ್ದರೂ ಒರಸುವಿಕೆಯನ್ನು ತಾಳುವ ಗುಣ ಕಡಿಮೆ, ಹಿಗ್ಗುವ ಗುಣ ಇಲ್ಲವೆನ್ನುವಷ್ಟು ಕಡಿಮೆ. ಇದಕ್ಕೆ ದಪ್ಪ ನೈಲಾನಿನ ಲೀಡರನ್ನು, ಅಂದರೆ ಮುಖ್ಯ ದಾರದ ತುದಿಗೆ ಸೇರಿಸುವ ಬಲವಾದ ತುಂಡನ್ನು, ಮುಂದೆ ಕಟ್ಟಲೇಬೇಕು. ಸೀಸವನ್ನು ದೂರ ಎಸೆಯುವವರು ಪಾಲಿಸುವ ಹಳೆಯ ಸೂತ್ರ, ಪ್ರತಿ 28 ಗ್ರಾಂ ಸೀಸಕ್ಕೆ ಸುಮಾರು 4.5 ಕಿಲೋ ಬಲದ ಲೀಡರ್ ಎಂಬುದು. 140 ಗ್ರಾಂ ಸೀಸಕ್ಕೆ ಸುಮಾರು 22.5 ಕಿಲೋದ ಲೀಡರ್ ಬರುತ್ತದೆ. ಎಸೆತಕ್ಕೆಂದು ಹುಟ್ಟಿದ ಸೂತ್ರವಾದರೂ ಗೋಡೆಯ ಬುಡದ ಒರಸುವಿಕೆಗೂ ಅದು ಒದಗುತ್ತದೆ. ಲೀಡರ್ ರಾಡಿನ ಎರಡರಷ್ಟು ಉದ್ದವಿದ್ದು ಇನ್ನೂ ಐದಾರು ಸುತ್ತು ರೀಲಿನ ಮೇಲೆ ಕೂರುವಂತಿರಬೇಕು. ಹಾಗಿದ್ದರೆ ಮೀನು ಬುಡಕ್ಕೆ ಬರುವ ಹೊತ್ತಿಗೆ ತೆಳು ದಾರವೆಲ್ಲ ಮೇಲೆ ಬಂದು, ಗೋಡೆಗೆ ತಾಗುವ ಭಾಗದಲ್ಲಿ ಲೀಡರ್ ಮಾತ್ರ ಇರುತ್ತದೆ.

ಬ್ಲೇಡಿನಿಂದ ಕೊಯ್ದಂತೆ ನುಣುಪಾಗಿ ಕತ್ತರಿಸಿದ್ದರೆ ಅದು ಹಲ್ಲಿನ ಕೆಲಸ. ಅಂಜಲ್ ಮೀನು ಓಡಾಡುವ ಜಾಗದಲ್ಲಿ ಗಾಳದ ಹಿಂದೆ ಒಂದು ಗೇಣು ತಂತಿ ಕಟ್ಟಿದರೆ ಸಾಕು.

ಗಾಳ ವಾಪಸು ಬಂದು ಅದರ ಬಾಗು ನೆಟ್ಟಗಾಗಿದ್ದರೆ ಭಾರಕ್ಕೆ ಗಾಳ ಸೋತಿದೆ. ಗಾಳ ಸರಿಯಾಗಿದ್ದು ಮೊನೆಯಲ್ಲಿ ಒಂದಿಷ್ಟು ತುಟಿಯ ಚರ್ಮ ಉಳಿದಿದ್ದರೆ ಹಿಡಿದ ಜಾಗ ಹರಿದಿದೆ. ಈ ಎರಡನೆಯದನ್ನು ಬಹಳ ಮಂದಿ ದುರದೃಷ್ಟವೆಂದು ಬಿಟ್ಟುಬಿಡುತ್ತಾರೆ, ಅದು ಸರಿಯಲ್ಲ. ಅರ್ಧ ಗಂಟೆ ಎಳೆದಾಡಿದ ಮೀನಿನ ಬಾಯಲ್ಲಿ ಗಾಳ ಚುಚ್ಚಿದ ತೂತು ನಿಧಾನವಾಗಿ ಅಗಲವಾಗಿರುತ್ತದೆ. ನೀರಿನಲ್ಲಿರುವಾಗ ದಾರ ಬಿಗಿಯಾಗಿದ್ದ ಕಾರಣಕ್ಕೆ ಗಾಳ ಅಲ್ಲಿಯೇ ನಿಂತಿರುತ್ತದೆ. ಆ ತೂತಿಗೆ ಮೀನಿನ ಪೂರ್ತಿ ತೂಕವನ್ನು ನೇತುಹಾಕಿದರೆ ಅದು ಹರಿಯುವುದೇ ಸಹಜ. ಇಲ್ಲಿ ಗಾಳವನ್ನೋ ದಾರವನ್ನೋ ಬದಲಿಸಿ ಪ್ರಯೋಜನವಿಲ್ಲ, ಎತ್ತುವ ವಿಧಾನವನ್ನೇ ಬದಲಿಸಬೇಕು.

ರಾಡು ಮುರಿದಿದ್ದರೆ

ಗೋಡೆಯ ಮೇಲಿಂದ ಎತ್ತುವಾಗ ಮುರಿಯುವ ರಾಡುಗಳು ಸಾಮಾನ್ಯವಾಗಿ ತುದಿಯ ಕಡೆಯ ಮೂರನೆಯ ಒಂದು ಭಾಗದಲ್ಲೇ ಮುರಿಯುತ್ತವೆ. ಮೀನು ನೇರ ಕಾಲಬುಡದಲ್ಲಿದ್ದಾಗ ರಾಡನ್ನು ನೆಟ್ಟಗೆ ಮೇಲಕ್ಕೋ ಹೆಗಲ ಹಿಂದಕ್ಕೋ ಎಳೆದರೆ ಬಾಗುವುದು ತುದಿ ಮಾತ್ರ. ಬಲಿಷ್ಠವಾದ ಬುಡ ಏನನ್ನೂ ಹೊರುವುದಿಲ್ಲ. ಕಾರ್ಬನ್ ರಾಡು ಅಂಥ ಕಿರಿದಾದ ಬಾಗನ್ನು ತಾಳುವುದಿಲ್ಲ, ಎಚ್ಚರಿಕೆಯನ್ನೂ ಕೊಡದೆ ಬಂದೂಕಿನ ಸದ್ದು ಮಾಡಿ ಮುರಿಯುತ್ತದೆ. ರಾಡನ್ನು ತಗ್ಗಿಸಿ ಹಿಡಿದರೆ ಬಾಗು ಬುಡದವರೆಗೆ ಹರಡುತ್ತದೆ, ಆದರೆ ಆಗ ಸನ್ನೆಯ ಲೆಕ್ಕ ನಮಗೆ ಎದುರಾಗುತ್ತದೆ. ಮುಂದಿನ ಕೈಯಿಂದ ರಾಡಿನ ತುದಿಗೆ ಅಡ್ಡ ಅಂತರ 2 ಮೀಟರ್, ಎರಡು ಕೈಗಳ ನಡುವೆ ಅರ್ಧ ಮೀಟರ್ ಇದೆಯೆಂದುಕೊಂಡರೆ, 5 ಕಿಲೋ ಮೀನನ್ನು ಗಾಳಿಯಲ್ಲಿ ಹಿಡಿದು ನಿಲ್ಲಿಸಲು ಹಿಂದಿನ ಕೈ 20 ಕಿಲೋ ಬಲದಿಂದ ಕೆಳಗೊತ್ತಬೇಕು, ಮುಂದಿನ ಕೈ 25 ಕಿಲೋ ಹೊರಬೇಕು. ಪಾಚಿಗಟ್ಟಿದ ಕಲ್ಲಿನ ಅಂಚಿನಲ್ಲಿ ನಿಂತು ಈ ಕೆಲಸ ಮಾಡುವುದು ರಾಡಿಗಿಂತ ಮನುಷ್ಯನಿಗೇ ಹೆಚ್ಚು ಅಪಾಯ.

ರೀಲು ಬಿಡದಿದ್ದರೆ

ಗೋಡೆಯನ್ನೋ ಬಲೆಯನ್ನೋ ಕಂಡ ಮೀನು ಕೊನೆಯದಾಗಿ ಒಮ್ಮೆ ಕೆಳಕ್ಕೆ ಧುಮುಕುತ್ತದೆ. ಆಗ ದಾರ ಫಟ್ಟೆಂದು ಹೋಗಿದ್ದರೆ ಡ್ರ್ಯಾಗನ್ನು, ಅಂದರೆ ಎಳೆತ ಒಂದು ಮಿತಿ ಮೀರಿದಾಗ ದಾರ ಬಿಟ್ಟುಕೊಡುವ ರೀಲಿನ ಬಿರಿಯನ್ನು, ಪರೀಕ್ಷಿಸಬೇಕು. ಈ ದೋಷ ನಮ್ಮ ಊರಿನಲ್ಲಿ ಮಿಕ್ಕ ಕಡೆಗಿಂತ ಹೆಚ್ಚೆಂದು ನನಗನಿಸುತ್ತದೆ. ಡ್ರ್ಯಾಗನ್ನು ಬಿಗಿ ಮಾಡಿಯೇ ಅಟ್ಟಕ್ಕೇರಿಸಿದ ರೀಲು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಸು ಹಿಡಿಯುವ ಕೊಡಗಿನ ತೇವದಲ್ಲಿ ಕುಳಿತಾಗ, ಒಳಗಿನ ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಿಂದಿನ ಪ್ರವಾಸದ ಉಪ್ಪು ಉಳಿದಿದ್ದರಂತೂ ಕೇಳುವುದೇ ಬೇಡ. ಕೈಯಿಂದ ಎಳೆದು ನೋಡಿದರೆ ಇದು ತಿಳಿಯುವುದಿಲ್ಲ. ಕಾಫಿ, ಮೆಣಸು ತೂಗುವ ಸ್ಪ್ರಿಂಗ್ ತಕ್ಕಡಿ ಹೆಚ್ಚಿನ ಮನೆಗಳಲ್ಲಿ ಇದ್ದೇ ಇರುತ್ತದೆ. ದಾರವನ್ನು ರಾಡಿನ ಉಂಗುರಗಳಲ್ಲಿ ಪೋಣಿಸಿ, ತುದಿಯನ್ನು ತಕ್ಕಡಿಯ ಕೊಕ್ಕೆಗೆ ಕಟ್ಟಿ, ಒಬ್ಬರು ರಾಡನ್ನು ಬಾಗಿಸಿ ಹಿಡಿದು ಇನ್ನೊಬ್ಬರು ತಕ್ಕಡಿಯನ್ನು ಹಿಡಿದುಕೊಂಡು ಕಣದಲ್ಲಿ ಹಿಂದಕ್ಕೆ ನಡೆಯಬೇಕು. ರೀಲು ಬಿಡಲಾರಂಭಿಸುವ ಕ್ಷಣದ ಅಂಕಿಯನ್ನೂ ಬಿಡುತ್ತಿರುವಾಗಿನ ಅಂಕಿಯನ್ನೂ ಬೇರೆಬೇರೆಯಾಗಿ ಬರೆದುಕೊಳ್ಳಬೇಕು. ಆರಂಭದಲ್ಲಿ 7 ಕಿಲೋ ತೋರಿಸಿ ಆಮೇಲೆ 4ಕ್ಕೆ ಇಳಿದರೆ ಡ್ರ್ಯಾಗ್ ಅಂಟುತ್ತಿದೆ. ಬಿಚ್ಚಿ, ಒರೆಸಿ, ಡ್ರ್ಯಾಗಿಗೆಂದೇ ಇರುವ ಗ್ರೀಸನ್ನು ತೆಳುವಾಗಿ ಸವರಬೇಕು, ಇಲ್ಲವೇ ಬಿಲ್ಲೆ ಬದಲಿಸಬೇಕು. ಎರಡೂ ಅಂಕಿಗಳು ಹೆಚ್ಚುಕಡಿಮೆ ಒಂದೇ ಆಗಿ, ದಾರದ ಬಲದ ಕಾಲುಭಾಗದಿಂದ ಮೂರನೆಯ ಒಂದು ಭಾಗದೊಳಗೆ ಇದ್ದರೆ ಸರಿ. ಮೀನು ದೂರ ಓಡಿ ದಾರ ಖಾಲಿಯಾದಾಗ ಸುರುಳಿಯ ತ್ರಿಜ್ಯ ಕುಗ್ಗಿ ಅದೇ ಡ್ರ್ಯಾಗ್ ಇನ್ನಷ್ಟು ಬಿಗಿಯಾಗುತ್ತದೆ, ತ್ರಿಜ್ಯ ಅರ್ಧವಾದರೆ ಬಿಗಿ ಎರಡರಷ್ಟು. ಈ ಕಾರಣಕ್ಕೂ ಡ್ರ್ಯಾಗನ್ನು ದಾರದ ಬಲದ ಅಂಚಿಗೆ ತಂದು ನಿಲ್ಲಿಸುವುದು ಜಾಣತನವಲ್ಲ.

ಇಳಿಬಲೆ ಮತ್ತು ಅದರದೇ ದೋಷಗಳು

ಕಬ್ಬಿಣದ ಬಳೆಗೆ ಬಲೆ ಹೊಲಿದು, ಬಳೆಯ ಮೂರು ಅಥವಾ ನಾಲ್ಕು ಕಡೆಯಿಂದ ಸಮ ಉದ್ದದ ಹುರಿಗಳನ್ನು ಮೇಲೆ ಒಂದುಗೂಡಿಸಿ, ಅಲ್ಲಿಂದ ಹಗ್ಗ ಕಟ್ಟಿದರೆ ಇಳಿಬಲೆಯಾಯಿತು. ಅಂಗಡಿಗಳಲ್ಲಿ ಡ್ರಾಪ್ ನೆಟ್ ಎಂದು ಕೇಳಬೇಕು. ಅದನ್ನು ಗೋಡೆಯಿಂದ ನೀರಿಗೆ ಇಳಿಬಿಟ್ಟು, ದಣಿದ ಮೀನನ್ನು ಅದರ ಮೇಲಕ್ಕೆ ತಂದು, ಹಗ್ಗವನ್ನು ಕೈಮೇಲೆ ಕೈಯಾಗಿ ಎಳೆದರೆ ಪೂರ್ತಿ ತೂಕ ಹಗ್ಗಕ್ಕೆ ಬೀಳುತ್ತದೆ, ದಾರ ಸಡಿಲವಾಗಿಯೇ ಇರುತ್ತದೆ. ಇಷ್ಟು ಸರಳವಾದ ಸಾಧನದಿಂದಲೂ ಮೀನು ತಪ್ಪಿಸಿಕೊಂಡವರಿದ್ದಾರೆ, ಏಕೆಂದರೆ ಇದನ್ನು ಮೊದಲ ಸಲ ನೀರಿಗೆ ಇಳಿಸುವುದೇ ಮೀನು ಸಿಕ್ಕ ಮೇಲೆ.

ಬಲೆ ಮುಳುಗದೆ ತೇಲಿ ಬಳೆಯ ಮೇಲೆ ಮಗುಚಿಕೊಂಡರೆ ತಳದಲ್ಲಿ ಭಾರ ಸಾಲದು. ಕಾಲು ಕಿಲೋ ಸೀಸವನ್ನೋ ನಯವಾದ ಹೊಳೆಗಲ್ಲನ್ನೋ ತಳಕ್ಕೆ ಕಟ್ಟಬೇಕು. ಬಳೆ ಓರೆಯಾಗಿ ಮೇಲೆ ಬಂದರೆ ಹುರಿಗಳ ಉದ್ದ ಸಮವಿಲ್ಲ. ಹಗ್ಗ ಸಾಲದಿದ್ದರೆ ಅಳತೆಯನ್ನು ಉಬ್ಬರದ ಹೊತ್ತಿನಲ್ಲಿ ಮಾಡಿದ್ದಾರೆಂದು ಅರ್ಥ: ಮಂಗಳೂರಿನ ಕಡೆ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರ ಇಳಿತಗಳ ಅಂತರ ಒಂದೂವರೆ ಮೀಟರಿನ ಆಜುಬಾಜಿಗೆ ಬರುತ್ತದೆ, ಆದ್ದರಿಂದ ಗೋಡೆಯ ಎತ್ತರಕ್ಕೆ ಇನ್ನೂ ನಾಲ್ಕು ಮೀಟರ್ ಸೇರಿಸಿಯೇ ಹಗ್ಗ ಒಯ್ಯಬೇಕು. ಹಗ್ಗ ಕನಿಷ್ಠ ಬೆರಳಿನ ಅರ್ಧದಷ್ಟಾದರೂ ದಪ್ಪವಿರಬೇಕು, ಅದರ ಮೇಲಿನ ತುದಿಯನ್ನು ಮೊದಲೇ ಗಟ್ಟಿಯಾದ ಯಾವುದಕ್ಕಾದರೂ ಕಟ್ಟಿರಬೇಕು. ಯಾವ ಕಾರಣಕ್ಕೂ ಅದನ್ನು ಮಣಿಕಟ್ಟಿಗೋ ಸೊಂಟಕ್ಕೋ ಸುತ್ತಿಕೊಳ್ಳಬಾರದು.

ಮೀನು ಬಲೆಯನ್ನು ಕಂಡು ಬೆದರಿ ಓಡುತ್ತಿದ್ದರೆ, ಬಲೆ ಹಿಡಿದವರು ಅದನ್ನು ಮೀನಿನ ಹಿಂದೆ ಅಟ್ಟುತ್ತಿದ್ದಾರೆ. ಬಲೆ ಒಂದು ಮೊಳ ಆಳದಲ್ಲಿ ಅಲುಗಾಡದೆ ನಿಂತಿರಬೇಕು, ಮೀನೇ ಅದರ ಮೇಲೆ ಬರಬೇಕು, ಅದೂ ತಲೆ ಮುಂದಾಗಿ. ಬಾಲಕ್ಕೆ ಬಲೆ ತಾಗಿದರೆ ಅದು ಮುಂದಕ್ಕೆ ಜಿಗಿಯುತ್ತದೆ; ತಲೆ ಒಳಗಿದ್ದರೆ ಜಿಗಿದರೂ ಬಲೆಯೊಳಕ್ಕೇ ಜಿಗಿಯುತ್ತದೆ. ಸೆಳವು ಇರುವ ಅಳಿವೆಯಲ್ಲಿ ಬಲೆಯನ್ನು ಸೆಳವಿನ ಕೆಳಬದಿಗೆ ಇಳಿಸಿದರೆ ಅರ್ಧ ಕೆಲಸವನ್ನು ನೀರೇ ಮಾಡಿಕೊಡುತ್ತದೆ. ಮೂರು ಮೊನೆಯ ಗಾಳಗಳಿರುವ ಕೃತಕ ಮೀನು ಬಳಸುವವರಿಗೆ ಇನ್ನೊಂದು ಎಚ್ಚರಿಕೆ ಬೇಕು: ಖಾಲಿ ಇರುವ ಗಾಳ ಬಲೆಯ ಹೊರಮೈಗೆ ಸಿಕ್ಕಿಕೊಂಡರೆ ಮೀನು ಬಲೆಯೊಳಗೆ ಇರದೆ ಬಲೆಗೆ ನೇತಾಡುತ್ತದೆ, ಮತ್ತು ಹಗ್ಗದ ಪೂರ್ತಿ ಎಳೆತ ಆ ಒಂದು ಮೊನೆಗೆ ಬೀಳುತ್ತದೆ. ಇದಕ್ಕೆ ನಾನು ಕಂಡುಕೊಂಡ ಪರಿಹಾರ ಸಣ್ಣ ಕಣ್ಣಿನ ರಬ್ಬರ್ ಲೇಪದ ಬಲೆ, ಮತ್ತು ಒಂದೇ ಮೊನೆಯ ಗಾಳಗಳು.

ಇದನ್ನೆಲ್ಲ ಕಡಲಿನಲ್ಲಿ ಕಲಿಯಬೇಕಾಗಿಲ್ಲ. ಮನೆಯ ಬಾವಿ ಸಾಕು. ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನಿನಲ್ಲಿ ನೀರು ತುಂಬಿ, ಮೇಲೆ ಒಂದಿಷ್ಟು ಗಾಳಿ ಬಿಟ್ಟು ಮುಚ್ಚಳ ಬಿಗಿದರೆ ಅದು ಮೇಲ್ಮೈಯಲ್ಲಿ ಅರೆಮುಳುಗಿ ನಿಲ್ಲುತ್ತದೆ. ಅದನ್ನು ದಾರಕ್ಕೆ ಕಟ್ಟಿ ಬಾವಿಗೆ ಇಳಿಸಿ, ಒಬ್ಬರು ರಾಡು ಹಿಡಿದು ಇನ್ನೊಬ್ಬರು ಇಳಿಬಲೆಯನ್ನು ಅದರಡಿಗೆ ತರುವ ಅಭ್ಯಾಸ ಮಾಡಬೇಕು. ನಾವು ಇಬ್ಬರು ಹಾಗೆ ಮೂರು ಸಂಜೆ ಮಾಡಿದೆವು. ಮೊದಲ ಸಂಜೆ ಕ್ಯಾನು ಹತ್ತರಲ್ಲಿ ಏಳು ಸಲ ಬಳೆಗೆ ಬಡಿದು ಹೊರಗೆ ಜಾರಿತು. ಮೂರನೆಯ ಸಂಜೆಯ ಹೊತ್ತಿಗೆ ಯಾವಾಗ ಎತ್ತಬೇಕೆಂದು ರಾಡು ಹಿಡಿದವರು ಹೇಳುವುದು, ಹೇಳುವವರೆಗೆ ಬಲೆ ಹಿಡಿದವರು ಅಲುಗಾಡದಿರುವುದು ರೂಢಿಯಾಗಿತ್ತು. ಒಂಟಿಯಾಗಿ ಹೋಗುವವರಿಗೆ ಈ ಅಭ್ಯಾಸ ಇನ್ನೂ ಅಗತ್ಯ, ಆದರೆ ಎತ್ತರದ ಗೋಡೆಗೆ ಒಂಟಿಯಾಗಿ ಹೋಗಬೇಡಿ ಎಂದೇ ನಾನು ಹೇಳುತ್ತೇನೆ.

ಬಲೆಗೆ ಹಿಡಿಸದ ಉದ್ದನೆಯ ಮೀನಿಗೆ, ದಾರದ ಗುಂಟ ಜಾರಿಬಿಡುವ ಭಾರದ ಗ್ಯಾಫ್ ಕೊಕ್ಕೆಗಳಿವೆ. ತಿನ್ನಲು ಒಯ್ಯುವುದು ಖಚಿತವಾಗಿದ್ದರೆ ಮಾತ್ರ ಅದನ್ನು ಬಳಸಬೇಕು, ಗಾಯವಾದ ಮೀನನ್ನು ಬಿಟ್ಟರೆ ಅದು ಬದುಕುವುದು ಕಷ್ಟ.

ಅಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ

ಎಲ್ಲವೂ ಸರಿಯಿದ್ದು ಬುಡದಲ್ಲೇ ದಾರ ತುಂಡಾಗುತ್ತಿದ್ದರೆ ಅಲೆಯನ್ನು ನೋಡಬೇಕು. ಅಲೆ ಗೋಡೆಗೆ ಏರುವಾಗ ಮೀನು ತಾನಾಗಿ ಮೇಲೆ ಬರುತ್ತದೆ, ಆಗ ಸುತ್ತಬೇಕು. ಅಲೆ ಹಿಂದೆ ಸರಿಯುವಾಗ ಆ ನೀರಿನ ರಾಶಿಯೆಲ್ಲ ಮೀನನ್ನು ಎಳೆಯುತ್ತದೆ, ಆಗ ರಾಡು ತಗ್ಗಿಸಿ ದಾರ ಬಿಡಬೇಕು. ಹೊಳೆಯ ಸೆಳವು ಒಂದೇ ದಿಕ್ಕಿನದಾದ್ದರಿಂದ ಈ ಕೊಟ್ಟು ತರುವ ಲಯ ನಮಗೆ ಅಭ್ಯಾಸವಿಲ್ಲ. ದೊಡ್ಡ ಅಲೆಗಳು ಗುಂಪಾಗಿ ಬಂದು ನಡುವೆ ಬಿಡುವು ಕೊಡುತ್ತವೆ. ಬಲೆಯನ್ನು ಆ ಬಿಡುವಿನಲ್ಲೇ ಎತ್ತಬೇಕು. ಗಾಳ ಹಾಕುವ ಮೊದಲು ಕಾಲು ಗಂಟೆ ಸುಮ್ಮನೆ ನಿಂತು ಅಲೆ ಎಲ್ಲಿಯವರೆಗೆ ಏರುತ್ತದೆ, ಮೀನು ಸಿಕ್ಕರೆ ಅದನ್ನು ಯಾವ ಸಂದಿಗೆ ತಂದು ಎತ್ತಬಹುದು ಎಂದು ಗೊತ್ತುಮಾಡಿಕೊಳ್ಳಬೇಕು. ಹೊಳೆಯ ಅಭ್ಯಾಸದಿಂದ ನೀರಿನಂಚಿಗೆ ಇಳಿಯುವ ಮನಸ್ಸಾಗುತ್ತದೆ, ಇಳಿಯಬಾರದು. ಒದ್ದೆಯಾಗಿ ಕಪ್ಪಾಗಿ ಕಾಣುವ ಕಲ್ಲು ಅಲೆ ಬಂದುಹೋಗುವ ಕಲ್ಲು. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳೇ ನಿಷೇಧದಿಂದ ದಡದಲ್ಲಿರುತ್ತವೆ, ಆಗ ತಡೆಗೋಡೆಗಳ ಹತ್ತಿರವೂ ಸುಳಿಯಬಾರದು. ಬಂದರಿನ ಒಳಗಿನ ಕಟ್ಟೆಗಳಿಗೆ ಅನುಮತಿ ಕೇಳಿಯೇ ಹೋಗಬೇಕು.

ಎತ್ತಲೇಬಾರದ ಮೀನುಗಳು

ಗೋಡೆಯ ಬುಡದಲ್ಲಿ ಚಾಪೆಯಂತೆ ಅಂಟಿಕೊಂಡು ಅಲುಗದೆ ನಿಂತ ಭಾರ ಹೆಚ್ಚಾಗಿ ತೊರಕೆಯದು. ಅದರ ಬಾಲದ ವಿಷದ ಮುಳ್ಳು ಬಲೆಯನ್ನೂ ಬೂಟನ್ನೂ ತೂರುತ್ತದೆ. ಚುಚ್ಚಿದರೆ ಗಾಯವನ್ನು ತಾಳುವಷ್ಟು ಬಿಸಿಯಾದ, ಸುಮಾರು 45 ಡಿಗ್ರಿಯ ನೀರಿನಲ್ಲಿ ಅದ್ದಿಟ್ಟುಕೊಂಡೇ ಆಸ್ಪತ್ರೆಗೆ ಹೋಗಬೇಕು. ದೊಡ್ಡ ತೊರಕೆಯನ್ನು ಮೇಲೆತ್ತದಿರುವುದೇ ಲೇಸು. ಗರಗಸ ಮೀನು, ಕಡಲಾಮೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿರುವ ಜೀವಿಗಳು, ಸಿಕ್ಕಿಕೊಂಡರೆ ನೀರಿನಲ್ಲಿರುವಂತೆಯೇ ಬಿಡಬೇಕು. ಎತ್ತರದಿಂದ ದಾರ ಕತ್ತರಿಸಿದರೆ ಆರೇಳು ಮೀಟರ್ ದಾರ ಆ ಜೀವಿಯ ಬಾಯಲ್ಲೇ ಉಳಿದು ಕಲ್ಲಿಗೆ ಸುತ್ತಿಕೊಳ್ಳುತ್ತದೆ, ಹಾಗಾಗಿ ಇದಕ್ಕೂ ಮನೆಯಲ್ಲೇ ಸಿದ್ಧತೆ ಬೇಕು: ಗಾಳಕ್ಕೂ ಲೀಡರಿಗೂ ನಡುವೆ ಇರುವ ಒಂದೂವರೆ ಅಡಿ ತುಂಡನ್ನು ಮಿಕ್ಕೆಲ್ಲಕ್ಕಿಂತ ಬಲ ಕಡಿಮೆಯಿರುವ ದಾರದಿಂದ ಕಟ್ಟಬೇಕು. ಬಿಡಬೇಕಾದಾಗ ರಾಡನ್ನು ನೇರ ದಾರದತ್ತ ಚಾಚಿ, ದಾರವನ್ನು ಕೈಗೆ ಸುತ್ತದೆ ಒಂದು ಮರದ ತುಂಡಿಗೆ ನಾಲ್ಕು ಸುತ್ತು ಸುತ್ತಿ, ಗೋಡೆಯ ಅಂಚಿಗೆ ಬೆನ್ನು ಮಾಡದೆ ಮೆಲ್ಲನೆ ಒಳಗಡೆಗೆ ಹಿಂದೆ ಹಿಂದೆ ನಡೆದರೆ ಆ ತುಂಡೇ ಮೊದಲು ಹರಿಯುತ್ತದೆ.